ದುಡ್ಡು ಎಲ್ಲಿಂದ ಬಂತು? ಗೆಣಸಿನ ಪೈ ಮಾರಿ ಚಳವಳಿ ಸಾಕಿದ ಜಾರ್ಜಿಯಾ ಗಿಲ್ಮೋರ್

ಯಾವುದೇ ಹೋರಾಟ ಎರಡನೇ ವಾರ ದಾಟಿತು ಅಂದ್ರೆ ಸಾಕು, ಒಂದು ಪ್ರಶ್ನೆ ಎದ್ದೇಳುತ್ತೆ. ಇವರಿಗೆಲ್ಲ ದುಡ್ಡು ಎಲ್ಲಿಂದ ಬರ್ತಿದೆ? ಶಾಮಿಯಾನ ಯಾರು ಹಾಕಿಸಿದ್ರು, ಊಟ ಯಾರು ಕಳಿಸ್ತಿದ್ದಾರೆ, ಹಿಂದೆ ಯಾರಿದ್ದಾರೆ? ಬೇಡಿಕೆ ನ್ಯಾಯವೋ ಅಲ್ಲವೋ ಅನ್ನೋ ಮಾತು ಅಲ್ಲಿಗೆ ಹಿಂದೆ ಸರಿಯುತ್ತೆ. ಲೆಕ್ಕದ ಪುಸ್ತಕ ಮುಂದೆ ಬಂದು ಕೂರುತ್ತೆ.

ನಾನು ಕಾಲೇಜಿನಲ್ಲಿದ್ದಾಗ ಶುಲ್ಕ ಏರಿಕೆ ವಿರುದ್ಧ ನಾವೊಂದಷ್ಟು ಜನ ಹದಿನಾರು ದಿನ ಧರಣಿ ಕೂತಿದ್ದೆವು. ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೂರನೇ ದಿನದಿಂದ ಪ್ರತಿ ಬೆಳಿಗ್ಗೆ ಎರಡು ಡಬರಿ ಚಿತ್ರಾನ್ನ ಬರತೊಡಗಿತು. ಕಳಿಸುತ್ತಿದ್ದವರು ಹಾಸ್ಟೆಲ್ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದ ಅಕ್ಕಂದಿರು. ತಮ್ಮ ಮನೆಯಲ್ಲಿ, ತಮ್ಮ ಅಕ್ಕಿಯಲ್ಲಿ ಮಾಡಿದ್ದು. ಎಲ್ಲೂ ನಮ್ಮ ಹೆಸರು ಬರೀಬೇಡಿ, ಕೆಲಸ ಹೋಗುತ್ತೆ ಅಂತ ಕೇಳಿಕೊಂಡಿದ್ದರು. ನಾನು ಪುಸ್ತಕದಲ್ಲಿ ಹಿತೈಷಿಗಳು ಅಂತ ಬರೆದೆ. ಆಮೇಲೆ ವಿಚಾರಣೆ ಅಂತ ಕರೆದಾಗ ಆ ಒಂದು ಪದದ ಮೇಲೆಯೇ ನನ್ನನ್ನು ಮುಕ್ಕಾಲು ಗಂಟೆ ಜಾಲಾಡಿದರು. ಈ ಹಿತೈಷಿಗಳು ಯಾರು? ಉತ್ತರ ನನ್ನ ಹತ್ತಿರ ಇತ್ತು, ಕೊಡುವ ಹಾಗಿರಲಿಲ್ಲ.

ಎಷ್ಟೋ ವರ್ಷ ಕಳೆದ ಮೇಲೆ ಅಮೆರಿಕದ ಮಾಂಟ್ಗೊಮರಿ ಬಸ್ ಬಹಿಷ್ಕಾರದ ಬಗ್ಗೆ ಓದುತ್ತಿದ್ದಾಗ ಇದೇ ಪ್ರಶ್ನೆಗೆ ನನಗಿಂತ ಎಷ್ಟೋ ಚೆಂದದ ಉತ್ತರ ಕಂಡುಕೊಂಡಿದ್ದ ಒಬ್ಬ ಅಡುಗೆಯಾಕೆ ಸಿಕ್ಕರು. ಹೆಸರು ಜಾರ್ಜಿಯಾ ಗಿಲ್ಮೋರ್. ರೋಸಾ ಪಾರ್ಕ್ಸ್ ಹೆಸರು ನಿಮಗೆ ಗೊತ್ತು, ಮಾರ್ಟಿನ್ ಲೂಥರ್ ಕಿಂಗ್ ಅಂತೂ ಗೊತ್ತೇ ಗೊತ್ತು. ಆ 381 ದಿನ ಕಾರುಗಳಿಗೆ ಪೆಟ್ರೋಲ್ ಹೇಗೆ ಬಂತು ಅಂತ ಕೇಳಿದರೆ ಗಿಲ್ಮೋರ್ ಅಡುಗೆಮನೆಗೂ ಹೋಗಿ ಬರಬೇಕಾಗುತ್ತೆ. ಅಲ್ಲಿ ಓವನ್ ಒಳಗೆ ಗೆಣಸಿನ ಪೈ ಇರುತ್ತೆ.

1920ರ ಫೆಬ್ರುವರಿ 5ರಂದು ಅಲಬಾಮಾ ರಾಜ್ಯದ ಮಾಂಟ್ಗೊಮರಿ ಸೀಮೆಯಲ್ಲಿ ಹುಟ್ಟಿದ ಜಾರ್ಜಿಯಾ ತೆರೇಸಾ ಗಿಲ್ಮೋರ್ ಮಾಡದ ಕೆಲಸ ಇರಲಿಲ್ಲ. ಸೂಲಗಿತ್ತಿಯಾಗಿ ಹೆರಿಗೆ ಮಾಡಿಸಿದ್ದರು. ರೈಲು ಹಳಿಗಳ ಕೆಳಗಿನ ಮರದ ದಿಮ್ಮಿ ಬದಲಿಸುವ ಕೆಲಸವನ್ನೂ ಮಾಡಿದ್ದರು. ಆರು ಮಕ್ಕಳ ತಾಯಿ. 1955ರ ಹೊತ್ತಿಗೆ ಪೇಟೆಯ ನಡುವಿದ್ದ ನ್ಯಾಷನಲ್ ಲಂಚ್ ಕಂಪನಿ ಎಂಬ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಅಲ್ಲೂ ವರ್ಣಭೇದದ ನಿಯಮವೇ. ಕಪ್ಪು ಹೆಂಗಸಿನ ಕೈಯಡುಗೆ ಬಿಳಿಯರಿಗೆ ಬೇಕು, ಕಪ್ಪು ಜನ ಅವರ ಪಕ್ಕದಲ್ಲಿ ಕೂತು ಉಣ್ಣುವುದು ಬೇಡ. ಇಂಥ ಏರ್ಪಾಡನ್ನು ಅರ್ಥ ಮಾಡಿಕೊಳ್ಳೋಕೆ ನಮ್ಮ ನಾಡಿನವರಿಗೆ ಹೆಚ್ಚು ವಿವರಣೆ ಬೇಕಿಲ್ಲ ಅಂದುಕೊಳ್ತೀನಿ.

ಕೆಲಸಕ್ಕೆ ಹೋಗಿ ಬರಲು ಬಸ್ಸು. ಮಾಂಟ್ಗೊಮರಿಯ ಬಸ್ಸುಗಳಲ್ಲಿ ಮುಂದಿನ ಹತ್ತು ಸೀಟು ಬಿಳಿಯರಿಗೆ ಮೀಸಲು, ಖಾಲಿ ಇದ್ದರೂ ಕಪ್ಪು ಜನ ಕೂರುವಂತಿಲ್ಲ. ಅದಕ್ಕಿಂತ ಕ್ಷುಲ್ಲಕವಾದ, ಆದರೆ ದಿನಾ ಚುಚ್ಚುವ ಇನ್ನೊಂದು ರೂಢಿ ಇತ್ತು. ಮುಂಬಾಗಿಲಿಂದ ಹತ್ತಿ ಹತ್ತು ಸೆಂಟ್ ಹಾಕಬೇಕು, ಮತ್ತೆ ಇಳಿದು, ಹೊರಗಿಂದ ನಡೆದು ಹೋಗಿ ಹಿಂಬಾಗಿಲಿಂದ ಹತ್ತಬೇಕು. ಬಿಳಿಯರ ಸೀಟುಗಳ ನಡುವೆ ಹಾದುಹೋಗಬಾರದು ಅಂತ. 1955ರ ಅಕ್ಟೋಬರಿನ ಒಂದು ದಿನ ಗಿಲ್ಮೋರ್ ದುಡ್ಡು ಹಾಕಿದರು. ಇಳಿದು ಹಿಂದಿನಿಂದ ಹತ್ತು ಅಂತ ಡ್ರೈವರ್ ಗದರಿದ. ಒಳಗೆ ಬಂದಾಗಿದೆಯಲ್ಲ ಅಂತ ಆಕೆ ವಾದಿಸಿದರೂ ಅವನು ಜಗ್ಗಲಿಲ್ಲ. ಇಳಿದರು. ಹಿಂಬಾಗಿಲು ಮುಟ್ಟುವ ಮೊದಲೇ ಬಸ್ಸು ಹೊರಟುಬಿಟ್ಟಿತು. ಹತ್ತು ಸೆಂಟ್ ಡಬ್ಬಿಯಲ್ಲಿ, ಆಕೆ ರಸ್ತೆಯಲ್ಲಿ.

ಇನ್ನು ಈ ಬಸ್ಸು ಹತ್ತೋದಿಲ್ಲ ಅಂತ ಅವತ್ತೇ ತೀರ್ಮಾನಿಸಿದರು. ಗಮನಿಸಿ, ರೋಸಾ ಪಾರ್ಕ್ಸ್ ಬಂಧನ ಆಗಿದ್ದು ಡಿಸೆಂಬರ್ 1ಕ್ಕೆ. ಅಂದರೆ ಊರು ಬಹಿಷ್ಕಾರ ಹೂಡುವ ಎರಡು ತಿಂಗಳ ಮೊದಲೇ ಗಿಲ್ಮೋರ್ ಒಬ್ಬರೇ ತಮ್ಮ ಬಹಿಷ್ಕಾರ ಶುರು ಮಾಡಿಕೊಂಡಿದ್ದರು. ಹೀಗೆ ಒಳಗೊಳಗೇ ಬಸ್ಸು ಬಿಟ್ಟವರು, ಬೈಸಿಕೊಂಡವರು, ರಸ್ತೆಯಲ್ಲಿ ನಿಂತವರು ಆ ಊರಲ್ಲಿ ಎಷ್ಟಿದ್ದರೋ. ಅದಕ್ಕೇ ಡಿಸೆಂಬರ್ 5ರ ಸೋಮವಾರ ಬಸ್ಸುಗಳು ಖಾಲಿ ಓಡಿದ್ದು.

ಆ ಸಂಜೆ ಹೋಲ್ಟ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸಭೆ. ಒಳಗೆ ಜಾಗ ಇಲ್ಲದೆ ಸಾವಿರಾರು ಜನ ಹೊರಗೆ ನಿಂತಿದ್ದರು. 26 ವರ್ಷದ ಕಿಂಗ್ ಭಾಷಣ ಮಾಡಿ ಇತಿಹಾಸಕ್ಕೆ ಸೇರಿದ್ದು ಅವತ್ತೇ. ಗಿಲ್ಮೋರ್ ಮತ್ತು ಅವರ ಗೆಳತಿಯರು ಅವತ್ತು ಮಾಡಿದ್ದು ಬೇರೆ. ತಮ್ಮತಮ್ಮಲ್ಲೇ 14 ಡಾಲರ್ ಕೂಡಿಸಿ, ಕೋಳಿ, ಬ್ರೆಡ್ಡು, ಲೆಟಿಸ್ ಸೊಪ್ಪು ತಂದು, ಸ್ಯಾಂಡ್‌ವಿಚ್ ಕಟ್ಟಿ ಸಭೆಗೆ ಬಂದವರಿಗೆ ಮಾರಿದರು. ಬಂದ ದುಡ್ಡು ಚಳವಳಿಗೆ. ಆ ಹೆಂಗಸರಲ್ಲಿ ಬಹುಪಾಲಿನವರ ಕೈಯಲ್ಲಿ ನಾಲ್ಕಾಣೆ ಎಂಟಾಣೆ ಬಿಟ್ಟರೆ ಕೊಡಲು ಏನೂ ಇರಲಿಲ್ಲ. ಅಡುಗೆ ಮಾತ್ರ ಎಲ್ಲರಿಗೂ ಬರುತ್ತಿತ್ತು. ಮಾಂಟ್ಗೊಮರಿಯಲ್ಲಿ ಆಗ ದುಡಿಯುತ್ತಿದ್ದ ಕಪ್ಪು ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಿಳಿಯರ ಮನೆಗೆಲಸದವರು. ದಿನವಿಡೀ ಬೇರೆಯವರ ಒಲೆ ಮುಂದೆ ನಿಂತು ಕಲಿತ ಕೈಗುಣ ಅದು.

ಒಂದು ದಿನಕ್ಕೆ ಅಂತ ಶುರುವಾದ ಬಹಿಷ್ಕಾರ ಮುಂದುವರಿಯಿತು. ಸಾವಿರಾರು ಜನರನ್ನು ದಿನಾ ಕೆಲಸಕ್ಕೆ ತಲುಪಿಸಿ ವಾಪಸ್ ತರಬೇಕಲ್ಲ? ಊರಿನ ಕಪ್ಪು ಜನರೇ ಸುಮಾರು 300 ಕಾರುಗಳ ವ್ಯವಸ್ಥೆ ಕಟ್ಟಿದರು. ಚರ್ಚುಗಳ ಹೆಸರಲ್ಲಿ ದೊಡ್ಡ ಸ್ಟೇಷನ್ ವ್ಯಾಗನ್‌ಗಳನ್ನು ಕೊಂಡರು. ಅವಕ್ಕೆ ಪೆಟ್ರೋಲ್, ಟೈರು, ರಿಪೇರಿ. ಪೊಲೀಸರು ಸುಮ್ಮಸುಮ್ಮನೆ ಹಿಡಿದು ಹಾಕುವ ದಂಡ ಬೇರೆ. ಗಂಟೆಗೆ 25 ಮೈಲಿ ಮಿತಿ ಇರೋ ಕಡೆ 30ರಲ್ಲಿ ಹೋದ ಅಂತ ಕಿಂಗ್ ಅವರನ್ನೇ ಜೈಲಿಗೆ ಒಯ್ದಿದ್ದರು. ವಿಮಾ ಕಂಪನಿಗಳು ವ್ಯಾಗನ್‌ಗಳ ಪಾಲಿಸಿ ರದ್ದು ಮಾಡಿದಾಗ ಕೊನೆಗೆ ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ತರಿಸಬೇಕಾಯಿತು. ಇದೆಲ್ಲಕ್ಕೂ ದುಡ್ಡು ಬೇಕು. ಇತಿಹಾಸದ ಪುಸ್ತಕಗಳು ಚಳವಳಿಯ ಭಾಷಣ ಹೇಳುತ್ತವೆ, ಜೈಲು ಹೇಳುತ್ತವೆ, ಟೈರ್ ಬಗ್ಗೆ ಹೇಳೋದು ಕಡಿಮೆ.

ಸ್ಯಾಂಡ್‌ವಿಚ್ಚಿಂದ ಶುರು ಮಾಡಿದ ಗಿಲ್ಮೋರ್ ಗುಂಪು ಪೂರ್ತಿ ಊಟಕ್ಕೆ ಹೋಯಿತು: ಹುರಿದ ಮೀನು, ಹಂದಿ ಮಾಂಸ, ಬೇಯಿಸಿದ ಸೊಪ್ಪು, ಅನ್ನ. ಜೊತೆಗೆ ಪೈ ಮತ್ತು ಕೇಕ್. ನನಗೆ ಮುಖ್ಯ ಅನ್ನಿಸೋದು ಈ ಕೊನೆಯವು. ಯಾಕಂದ್ರೆ ಗುಟ್ಟಾಗಿ ನಡೆಸುವ ವ್ಯಾಪಾರಕ್ಕೆ ಇವಕ್ಕಿಂತ ಒಳ್ಳೆ ಸರಕು ಸಿಗೋದಿಲ್ಲ. ಮೀನು ಬಿಸಿ ಇರುವಾಗಲೇ ತಿನ್ನಬೇಕು, ವಾಸನೆಯೂ ಬರುತ್ತೆ. ಕೇಕ್ ಹಾಗಲ್ಲ. ರಾತ್ರಿ ಮಕ್ಕಳು ಮಲಗಿದ ಮೇಲೆ ಓವನ್‌ಗೆ ಇಟ್ಟು, ಬೆಳಿಗ್ಗೆ ಬಟ್ಟೆ ಮುಚ್ಚಿ ಕೈಯಲ್ಲಿ ಹಿಡಿದು ಹೊರಟರೆ ಯಾರಿಗೂ ಅನುಮಾನ ಬರೋದಿಲ್ಲ. ಭಾನುವಾರ ಚರ್ಚಿಗೆ, ಸಾವಿನ ಮನೆಗೆ, ಬಾಣಂತಿ ನೋಡೋಕೆ ಕೇಕ್ ಒಯ್ಯುವುದು ಅಲ್ಲಿಯ ಪದ್ಧತಿ. ಇಡಿಯಾಗಿಯೂ ಮಾರಬಹುದು, ಹೋಳು ಮಾಡಿಯೂ ಮಾರಬಹುದು.

ಪೈ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಮೈದಾಕ್ಕೆ ಕೊಬ್ಬು ಉಜ್ಜಿ, ತಣ್ಣೀರಲ್ಲಿ ಕಲಸಿ, ತೆಳ್ಳಗೆ ಲಟ್ಟಿಸಿ ಒಂದು ತಗ್ಗು ತಟ್ಟೆಗೆ ಹಾಸೋದು. ಅದರೊಳಗೆ ಹೂರಣ ತುಂಬಿ ಓವನ್‌ನಲ್ಲಿ ಬೇಯಿಸೋದು. ಗೆಣಸಿನ ಪೈಗೆ ಬೇಯಿಸಿದ ಗೆಣಸನ್ನು ನುಣ್ಣಗೆ ಮಾಡಿ, ಸಕ್ಕರೆ, ಬೆಣ್ಣೆ, ಮೊಟ್ಟೆ, ಹಾಲು, ಜಾಯಿಕಾಯಿ, ಚಕ್ಕೆ ಪುಡಿ ಸೇರಿಸುತ್ತಾರೆ. ಗೆಣಸಿನ ಹೋಳಿಗೆ ತಿಂದವರಿಗೆ ಇದರ ರುಚಿ ಪೂರ್ತಿ ಅಪರಿಚಿತ ಅಲ್ಲ, ಮೇಲಿನ ಕಣಕ ಇಲ್ಲ, ಅಷ್ಟೇ. ಗಿಲ್ಮೋರ್ ಬಗ್ಗೆ ಓದಿದ ವಾರ ನಾನೂ ಒಂದು ಮಾಡೋಕೆ ಹೋದೆ. ಸಂತೆಯ ಗೆಣಸಲ್ಲಿ ನಾರು ಜಾಸ್ತಿ, ಜರಡಿಗೆ ಉಜ್ಜಿ ಉಜ್ಜಿ ಕೈ ನೋವು ಬಂತು. ತಳ ಹಸಿಯಾಗೇ ಉಳಿಯಿತು. ದಿನದ ಕೂಲಿ ಮುಗಿಸಿ ಬಂದು, ರಾತ್ರಿ ಹೊತ್ತು, ಒಂದರ ಮೇಲೊಂದು ಇವನ್ನು ಮಾಡಿಟ್ಟವರ ನೆನಪಾಯಿತು.

ಅಮೆರಿಕದ ಸಿಹಿತಿಂಡಿಗಳಿಗೂ ಒಂದು ಭೂಪಟ ಇದೆ. ಉತ್ತರದ ನ್ಯೂ ಇಂಗ್ಲೆಂಡಿನವರಿಗೆ ಕುಂಬಳಕಾಯಿ ಪೈ, ದಕ್ಷಿಣದವರಿಗೆ ಗೆಣಸಿನ ಪೈ. ಆಫ್ರಿಕಾದಿಂದ ಹಿಡಿದು ತಂದ ಜನರಿಗೆ ತಮ್ಮ ನಾಡಿನ ಯಾಮ್ ಗಡ್ಡೆ ಇಲ್ಲಿ ಸಿಗಲಿಲ್ಲ. ಬೇರೆಯದೇ ಗಿಡವಾದ, ಅಮೆರಿಕ ಖಂಡದ್ದೇ ಆದ ಗೆಣಸು ಸಿಕ್ಕಿತು. ಹಳೇ ಗಡ್ಡೆಯ ಹೆಸರನ್ನೇ ಅದಕ್ಕೂ ಇಟ್ಟರು. ಪೈ ತಟ್ಟೆ, ಮೈದಾ ಹಾಳೆ ಇಂಗ್ಲಿಷರದ್ದು, ಸಕ್ಕರೆ ಲೂಸಿಯಾನಾದ ಗುಲಾಮರು ಬೆವರು ರಕ್ತ ಸುರಿಸಿದ ಕಬ್ಬಿನ ತೋಟಗಳದ್ದು, ಒಲೆ ಮುಂದೆ ನಿಂತ ಹೆಂಗಸು ತೋಟದ ಯಜಮಾನನ ಆಸ್ತಿ. ಇಷ್ಟೆಲ್ಲ ಸೇರಿ ಆದದ್ದು ಆ ಪೈ. ದಕ್ಷಿಣದ ಬಿಳಿಯರ ಅಡುಗೆ ಪುಸ್ತಕಗಳು ಈ ತಿಂಡಿಗಳನ್ನೆಲ್ಲ ತಮ್ಮ ಅಜ್ಜಿಯರ ಆತಿಥ್ಯ ಅಂತ ಬರೆದುಕೊಂಡವು. ಅಜ್ಜಿ ಹಿಟ್ಟು ಮುಟ್ಟಿದ್ದಳೋ ಇಲ್ಲವೋ.

ಕಪ್ಪು ಹೆಂಗಸರೇ ಈ ಅಡುಗೆಗೆ ತಮ್ಮ ಹೆಸರು ಹಾಕಿದ ಉದಾಹರಣೆ ಇಲ್ಲದಿಲ್ಲ. ಗುಲಾಮಗಿರಿಯಲ್ಲಿ ಹುಟ್ಟಿ, ಅಲಬಾಮಾದ ಮೊಬೀಲ್‌ನಲ್ಲಿ ಬಾಳಿ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದ ಅಬ್ಬಿ ಫಿಶರ್ 1881ರಲ್ಲಿ ಒಂದು ಅಡುಗೆ ಪುಸ್ತಕ ತಂದರು. ಆಕೆಗೆ ಓದು ಬರಹ ಬರುತ್ತಿರಲಿಲ್ಲ, ಹೇಳಿ ಬರೆಸಿದ್ದು. ಅದರಲ್ಲಿ ಕಿತ್ತಳೆ ರಸ ಹಾಕಿದ ಗೆಣಸಿನ ಪೈ ಇದೆ. ಮಾಂಟ್ಗೊಮರಿಯಿಂದ ಪೂರ್ವಕ್ಕೆ ಸುಮಾರು 40 ಮೈಲಿ ದೂರದ ಟಸ್ಕೀಗಿಯಲ್ಲಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್, ಹತ್ತಿ ಬೆಳೆದು ಬೆಳೆದು ಸತ್ವ ಕಳೆದುಕೊಂಡ ನೆಲದ ಬಡ ಕಪ್ಪು ರೈತರಿಗೆ ಗೆಣಸು ಬೆಳೆಯಿರಿ ಅಂತ ಹೇಳುತ್ತಾ, ಅದನ್ನು ಕೆಡದಂತೆ ಇಡುವುದು ಹೇಗೆ, ಅಡುಗೆ ಮಾಡುವುದು ಹೇಗೆ ಅಂತ ಕಿರುಪುಸ್ತಕಗಳನ್ನೇ ಹಂಚಿದರು. ಅವುಗಳಲ್ಲೂ ಪೈ ಇದೆ. ಗಿಲ್ಮೋರ್ ಕೈಗೆ ಬಂದದ್ದು ಇಂಥ ಗೆಣಸು.

ಪೌಂಡ್ ಕೇಕಿನ ಕತೆ ಸರಳ. ಮೈದಾ, ಸಕ್ಕರೆ, ಬೆಣ್ಣೆ, ಮೊಟ್ಟೆ ಒಂದೊಂದು ಪೌಂಡ್. ಓದು ಬಾರದವರೂ ನೆನಪಿಟ್ಟುಕೊಳ್ಳಬಹುದಾದ ಲೆಕ್ಕ. 1796ರಲ್ಲಿ ಅಮೀಲಿಯಾ ಸಿಮನ್ಸ್ ಎಂಬಾಕೆ ಪ್ರಕಟಿಸಿದ, ಅಮೆರಿಕದವರೊಬ್ಬರು ಬರೆದ ಮೊದಲ ಅಡುಗೆ ಪುಸ್ತಕದಲ್ಲೇ ಇದೆ. ದಟ್ಟ ಕೇಕು, ಕ್ರೀಮ್ ಗೀಮ್ ಬೇಕಿಲ್ಲ, ನಾಲ್ಕು ದಿನ ಕೆಡೋದಿಲ್ಲ, ಎಷ್ಟು ತೆಳ್ಳಗೆ ಕುಯ್ದರೂ ಪುಡಿಯಾಗೋದಿಲ್ಲ. ನಿಧಿ ಸಂಗ್ರಹಕ್ಕೆ ಹೇಳಿ ಮಾಡಿಸಿದ್ದು.

ಈ ಗುಂಪಿಗೆ ಗಿಲ್ಮೋರ್ ಇಟ್ಟ ಹೆಸರು ಕ್ಲಬ್ ಫ್ರಂ ನೋವೇರ್. ಕನ್ನಡದಲ್ಲಿ ಬರೆದಾಗ ನೋವು ಅಂತ ಓದಿಸಿಕೊಳ್ಳುತ್ತೆ, ಅದೂ ಪೂರ್ತಿ ತಪ್ಪೇನಲ್ಲ. ಆದರೆ ಅರ್ಥ, ಎಲ್ಲಿಂದಲೂ ಬಾರದವರ ಕ್ಲಬ್. ದುಡ್ಡು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ, ಎಲ್ಲಿಂದಲೂ ಇಲ್ಲ ಅಂತ ನಿಜ ಹೇಳಿಬಿಡಬಹುದು. ಸುಳ್ಳು ಹೇಳಿದ ಹಾಗೂ ಆಗಲಿಲ್ಲ, ಹೆಸರು ಕೊಟ್ಟ ಹಾಗೂ ಆಗಲಿಲ್ಲ. ಚಳವಳಿ ನಡೆಸುತ್ತಿದ್ದ ಸಂಘಟನೆಯ ಲೆಕ್ಕದಲ್ಲೂ ಹಾಗೇ ಬರೆಸಿದರು. ನನ್ನ ಹಿತೈಷಿಗಳು ಎಂಬ ಪದಕ್ಕೆ ಈ ಚುರುಕು ಎಲ್ಲಿತ್ತು!

ಇದು ಬರೀ ಚಮತ್ಕಾರ ಅಲ್ಲ. ಗಿಲ್ಮೋರ್ ಈ ವಿಷಯವನ್ನು ಬಹಳ ಸ್ಪಷ್ಟವಾಗಿ ನೋಡಿದ್ದರು. ಸ್ವಂತ ಆದಾಯ ಇರುವ ಕಪ್ಪು ಜನ, ಉದಾಹರಣೆಗೆ ಪಾದ್ರಿಗಳು, ಸ್ವಂತ ಅಂಗಡಿಯವರು, ಬಹಿರಂಗವಾಗಿ ಕತ್ತು ಮುಂದೆ ಚಾಚಬಹುದು. ಬಿಳಿಯರ ಮನೆ ಕೆಲಸದವಳು ಚಾಚಿದರೆ ಮರುದಿನವೇ ಕೆಲಸ ಹೋಗುತ್ತೆ. ಹಾಗಂತ ಅವಳಿಗೆ ಚಳವಳಿ ಬೇಡವೇ? ಬಸ್ಸಿನಲ್ಲಿ ಹೆಚ್ಚು ಬೈಸಿಕೊಂಡಿದ್ದೇ ಅವಳು. ಅದಕ್ಕೆ ಯಾರು ಬೇಯಿಸಿದರು, ಯಾರು ಕೊಂಡರು, ಯಾರು ಸುಮ್ಮನೆ ದುಡ್ಡು ಕೊಟ್ಟರು ಅನ್ನೋದು ಗಿಲ್ಮೋರ್ ಒಬ್ಬರಿಗೆ ಮಾತ್ರ ಗೊತ್ತಿರುವ ಏರ್ಪಾಡು. ಕಪ್ಪು ಹೆಂಗಸರ ಬ್ಯೂಟಿ ಪಾರ್ಲರು, ಟ್ಯಾಕ್ಸಿ ಸ್ಟ್ಯಾಂಡು, ಚರ್ಚು, ಮನೆ ಬಾಗಿಲು, ಎಲ್ಲ ಕಡೆ ಮಾರಾಟ. ಕೊಂಡವರಲ್ಲಿ ಬಿಳಿಯರೂ ಇದ್ದರು. ಅವರಿಗೂ ಹೆಸರು ಹೊರಬರುವುದು ಬೇಡವಾಗಿತ್ತು. ಮನೆಗೆಲಸದವರನ್ನು ಬಿಳಿ ಗೃಹಿಣಿಯರು ತಮ್ಮ ಕಾರಲ್ಲೇ ಕರೆತರುವುದನ್ನು ನಿಲ್ಲಿಸಬೇಕು ಅಂತ ಮೇಯರ್ ಗೇಲ್ ಬಹಿರಂಗವಾಗಿ ಗದರಿಸಿದ ಊರು ಅದು.

ಸೋಮವಾರ ರಾತ್ರಿಯ ಸಭೆಗಳಲ್ಲಿ ಗಿಲ್ಮೋರ್ ಚರ್ಚಿನ ನಡುದಾರಿಯಲ್ಲಿ ಹಾಡುತ್ತಾ ನಡೆದು ಬಂದು ಆ ವಾರದ ಗಳಿಕೆಯನ್ನು ಮುಂದಿಡುತ್ತಿದ್ದರಂತೆ. ಜನ ನೆಲಕ್ಕೆ ಕಾಲು ಬಡಿದು ಕೂಗುತ್ತಿದ್ದರು. ಇದನ್ನು ನೋಡಿ ಐನೆಜ್ ರಿಕ್ಸ್ ಎಂಬಾಕೆ ಫ್ರೆಂಡ್ಲಿ ಕ್ಲಬ್ ಅಂತ ಇನ್ನೊಂದು ಗುಂಪು ಕಟ್ಟಿದರು. ಈ ವಾರ ಯಾರು ಹೆಚ್ಚು ತಂದರು ಅಂತ ಎರಡೂ ಗುಂಪುಗಳಿಗೆ ಪೈಪೋಟಿ. ತಮಾಷೆಯಾಗಿತ್ತು, ಲಾಭ ಚಳವಳಿಗೇ.

ಎಷ್ಟು ದುಡ್ಡು? ವಾರಕ್ಕೆ 125ರಿಂದ 200 ಡಾಲರ್ ಎಂಬ ಲೆಕ್ಕ ಉಳಿದುಬಂದಿದೆ. ಇದನ್ನು ಉಬ್ಬಿಸಿ ಹೇಳೋದು ಬೇಡ. ಚಳವಳಿಯ ದೊಡ್ಡ ಮೊತ್ತಗಳು ಉತ್ತರದ ಚರ್ಚುಗಳಿಂದ, ಸಂಘಟನೆಗಳಿಂದ, ಹೊರದೇಶಗಳಿಂದಲೂ ಅಂಚೆಯಲ್ಲಿ ಬಂದವು. ಪೈ ಒಂದರಿಂದಲೇ ಬಹಿಷ್ಕಾರ ಗೆದ್ದಿತು ಅಂದರೆ ಅದು ಕತೆ ಕಟ್ಟಿದ ಹಾಗೆ. ಆದರೆ 200 ಡಾಲರನ್ನು ಬಸ್ ಚಾರ್ಜಿನಿಂದ ಭಾಗಿಸಿ ನೋಡಿ. ಹತ್ತು ಸೆಂಟಿನ ಲೆಕ್ಕದಲ್ಲಿ 2,000 ಟಿಕೆಟ್. ಆ ಹೆಂಗಸರು ಬಸ್ ಕಂಪನಿಗೆ ಕೊಡುತ್ತಿದ್ದ ದುಡ್ಡನ್ನು ಉಳಿಸಿದ್ದಷ್ಟೇ ಅಲ್ಲ, ಆ ಕಂಪನಿಯ ಎದುರು ಓಡುವ ಕಾರುಗಳಿಗೆ ಪೆಟ್ರೋಲ್ ಹಾಕಿಸಿದರು. ಹೊರಗಿನಿಂದ ಬರುವ ಚೆಕ್ಕು ಒಂದು ತಿಂಗಳು ಬಾರದೆ ಇರಬಹುದು. ಊರೊಳಗಿನ ಈ ದುಡ್ಡು ವಾರ ತಪ್ಪದೆ ಬರುತ್ತಿತ್ತು. ಹೊರಗಿನ ಶಕ್ತಿಗಳು ಇವರನ್ನು ಎತ್ತಿಕಟ್ಟಿವೆ ಅಂತ ಹೇಳುತ್ತಿದ್ದವರಿಗೆ ಉತ್ತರವೂ ಅದರಲ್ಲೇ ಇತ್ತು.

1956ರ ಫೆಬ್ರುವರಿಯಲ್ಲಿ, 1921ರ ಒಂದು ಹಳೇ ಬಹಿಷ್ಕಾರ ವಿರೋಧಿ ಕಾನೂನನ್ನು ಹೆಕ್ಕಿ ತೆಗೆದು ಎಂಬತ್ತಕ್ಕೂ ಹೆಚ್ಚು ಮುಂದಾಳುಗಳ ಮೇಲೆ ಕೇಸು ಜಡಿದರು. ಮೊದಲು ವಿಚಾರಣೆಗೆ ಬಂದದ್ದು ಕಿಂಗ್ ಕೇಸು, ಮಾರ್ಚಿನಲ್ಲಿ. ಬಸ್ಸುಗಳಲ್ಲಿ ಏನಾಗುತ್ತಿತ್ತು ಅಂತ ಹೇಳಲು ಸಾಕ್ಷಿಗಳು ಬೇಕಿತ್ತು. ಊರಿಗೆಲ್ಲ ಹೆಸರು ಬಚ್ಚಿಟ್ಟು ಕಾಪಾಡುತ್ತಿದ್ದ ಗಿಲ್ಮೋರ್ ಆಗ ತಮ್ಮ ಹೆಸರು ಹೇಳಿ ಕಟಕಟೆ ಹತ್ತಿದರು. ಅಕ್ಟೋಬರಿನ ಆ ಬಸ್ಸು, ಆ ಡ್ರೈವರ್, ಆ ಹಿಂಬಾಗಿಲು, ಎಲ್ಲ ಹೇಳಿದರು. ಕಿಂಗ್ ತಪ್ಪಿತಸ್ಥ ಅಂತ ತೀರ್ಪಾಯಿತು, 500 ಡಾಲರ್ ದಂಡ. ಗಿಲ್ಮೋರ್ ಕೆಲಸ ಹೋಯಿತು. ಊರಿನ ಬೇರೆ ಹೋಟೆಲುಗಳೂ ಬಾಗಿಲು ಮುಚ್ಚಿದವು. ಬೇರೆ ಹೆಂಗಸರಿಗೆ ಆಗಬಾರದು ಅಂತ ಯಾವುದನ್ನು ತಡೆದಿದ್ದರೋ ಅದು ತಮಗೇ ಆಯಿತು.

ಮುಂದೇನು? ಬೇರೆಯವರ ಒಲೆ ಯಾಕೆ, ನಿನ್ನ ಮನೆಯಲ್ಲೇ ಅಡುಗೆ ಮಾಡಿ ಮಾರು ಅಂತ ಕಿಂಗ್ ಸಲಹೆ ಕೊಟ್ಟರು, ಪಾತ್ರೆ ಪಡಗ ಕೊಳ್ಳಲು ದುಡ್ಡು ಕೊಟ್ಟರು. ಡೆರಿಕೋಟ್ ಬೀದಿಯ ಮನೆಯಲ್ಲಿ ಗಿಲ್ಮೋರ್ ನಸುಕಿಗೇ ಎದ್ದು ಊಟ ತಯಾರಿಸತೊಡಗಿದರು. ಮೇಜಿನ ಸುತ್ತ ಕೂರಲು ಹನ್ನೆರಡು ಜನಕ್ಕೆ ಜಾಗ ಇದ್ದರೆ ಹೆಚ್ಚು. ಉಳಿದವರು ಅಡುಗೆಮನೆಯಲ್ಲಿ ನಿಂತು ಉಂಡರು. ವಕೀಲರು, ಕೂಲಿಯವರು, ಪಾದ್ರಿಗಳು, ಬಿಳಿಯರು, ಕಪ್ಪು ಜನ, ಒಂದೇ ಮೇಜಿಗೆ. ಊರಿನ ಹೋಟೆಲುಗಳಲ್ಲಿ ಕಾನೂನು ಬಿಡದಿದ್ದನ್ನು ಆಕೆಯ ಮನೆ ಸುಮ್ಮನೆ ನಡೆಸಿಬಿಟ್ಟಿತು. ಕಿಂಗ್ ಕೆಲವೇ ಬೀದಿ ಆಚೆ ಇದ್ದರು. ಗುಟ್ಟಿನ ಮಾತುಕತೆ ಇದ್ದಾಗ, ಹೊರಗಿನಿಂದ ಯಾರಾದರೂ ಬಂದಾಗ ನಂಬಿ ಕರೆತರಬಹುದಾದ ಜಾಗ ಅದಾಗಿತ್ತು.

1956ರ ನವೆಂಬರ್ 13ರಂದು ಒಂದು ವಿಚಿತ್ರ ನಡೆಯಿತು. ಕಾರು ವ್ಯವಸ್ಥೆಯನ್ನೇ ನಿಲ್ಲಿಸಬೇಕು ಅಂತ ಅಲಬಾಮಾದ ಕೋರ್ಟಿನಲ್ಲಿ ವಾದ ನಡೆಯುತ್ತಿದ್ದ ಹೊತ್ತಿಗೇ, ಬಸ್ಸಿನ ವರ್ಣಭೇದ ಸಂವಿಧಾನಬಾಹಿರ ಅಂತ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟ್ ಕೆಳಗಿನ ತೀರ್ಪನ್ನು ಎತ್ತಿಹಿಡಿಯಿತು. ಊರಿನ ಕೋರ್ಟು ಕಾರುಗಳನ್ನು ನಿಲ್ಲಿಸಿಯೂ ಬಿಟ್ಟಿತು. ಆದೇಶದ ಪ್ರತಿ ಕೈಗೆ ಬರುವವರೆಗೆ, ಒಂದು ತಿಂಗಳಿಗೂ ಹೆಚ್ಚು ಕಾಲ, ಜನ ನಡೆದರು. ಡಿಸೆಂಬರ್ 21ಕ್ಕೆ ಬಸ್ಸು ಹತ್ತಿದರು, ಮುಂಬಾಗಿಲಿಂದಲೇ.

ಸಾಮಾನ್ಯವಾಗಿ ಕತೆ ಇಲ್ಲಿಗೆ ಮುಗಿಸುತ್ತಾರೆ. ಗಿಲ್ಮೋರ್ ಮುಗಿಸಲಿಲ್ಲ. 1957ರಲ್ಲಿ ಆಕೆಯ ಮಗ ಮಾರ್ಕ್, ಬಿಳಿಯರಿಗೆ ಮಾತ್ರ ಮೀಸಲಾದ ಓಕ್ ಪಾರ್ಕಿನ ಮೂಲಕ ಹಾದುಹೋದ ಅಂತ ಪೊಲೀಸರು ಹೊಡೆದು ಬಂಧಿಸಿದರು. ತಾಯಿ 1958ರಲ್ಲಿ ನಗರಾಡಳಿತದ ಮೇಲೆ ಕೇಸು ಹಾಕಿದರು. ಗಿಲ್ಮೋರ್ ವರ್ಸಸ್ ಸಿಟಿ ಆಫ್ ಮಾಂಟ್ಗೊಮರಿ ಅಂತ ಕಾನೂನು ವಿದ್ಯಾರ್ಥಿಗಳು ಈಗಲೂ ಓದುವ ಕೇಸು. ನಗರಾಡಳಿತ ಏನು ಮಾಡಿತು ಗೊತ್ತಾ? ಕಪ್ಪು ಮಕ್ಕಳು ಒಳಗೆ ಬರೋದಾದರೆ ಯಾರಿಗೂ ಬೇಡ ಅಂತ 1959ರ ಜನವರಿ 1ರಿಂದ ಊರಿನ ಎಲ್ಲ ಪಾರ್ಕುಗಳನ್ನೂ ಮುಚ್ಚಿತು. ಓಕ್ ಪಾರ್ಕಿನ ಈಜುಕೊಳಕ್ಕೆ ಮಣ್ಣು ತುಂಬಿತು, ಪ್ರಾಣಿಗಳನ್ನು ಮಾರಿತು. ಅದೇ ವರ್ಷ ನ್ಯಾಯಾಧೀಶ ಫ್ರಾಂಕ್ ಜಾನ್ಸನ್ ಗಿಲ್ಮೋರ್ ಪರ ತೀರ್ಪು ಕೊಟ್ಟರು. ಪಾರ್ಕು ಮತ್ತೆ ತೆರೆಯಲು ವರ್ಷಗಳೇ ಹಿಡಿದವು, ಈಜುಕೊಳ ವಾಪಸ್ ಬರಲೇ ಇಲ್ಲ. ಇನ್ನೊಬ್ಬರಿಗೆ ಸಿಗಬಾರದು ಅಂತ ತಮ್ಮ ಮಕ್ಕಳ ಈಜುಕೊಳಕ್ಕೇ ಮಣ್ಣು ಹಾಕಿಕೊಂಡವರು! ಕೇಸು ಬೇರೆ ಬೇರೆ ರೂಪದಲ್ಲಿ ಮುಂದುವರಿದು, ಬಿಳಿಯರಿಗಷ್ಟೇ ಮೀಸಲಾದ ಖಾಸಗಿ ಶಾಲೆಗಳಿಗೆ ಸರ್ಕಾರಿ ಪಾರ್ಕನ್ನು ಬಿಟ್ಟುಕೊಡಬಹುದೇ ಎಂಬ ಪ್ರಶ್ನೆ ಹೊತ್ತು 1974ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹೋಟೆಲಿನಿಂದ ಕಿತ್ತುಹಾಕಿಸಿಕೊಂಡ ಅಡುಗೆಯಾಕೆಯ ಹೆಸರು ಆ ದೇಶದ ಅತ್ಯುನ್ನತ ನ್ಯಾಯಾಲಯದ ದಾಖಲೆಯಲ್ಲಿ ಕೂತಿದೆ.

ಆಕೆಯ ಹೆಸರು ಉಳಿಯಿತು, ಸರಿ. ಕ್ಲಬ್ಬಿನ ಉಳಿದ ಹೆಂಗಸರದ್ದು? ಇದು ನನ್ನನ್ನು ಕಾಡುವ ವಿಷಯ. ಕೆಲಸ ಉಳಿಸಲು ಮರೆಮಾಡಿದ ಹೆಸರುಗಳು ಇತಿಹಾಸಕ್ಕೂ ಮರೆಯಾಗಿಹೋದವು. ಯಾರು ಎಷ್ಟು ಪೈ ಮಾಡಿದರು ಎಂಬ ಪಟ್ಟಿ ಗಿಲ್ಮೋರ್ ತಲೆಯಲ್ಲಿತ್ತು. 1980ರ ದಶಕದಲ್ಲಿ ನಾಗರಿಕ ಹಕ್ಕುಗಳ ಸಾಕ್ಷ್ಯಚಿತ್ರ ಮಾಡುವವರು ಕ್ಯಾಮೆರಾ ಇಟ್ಟು ಆಕೆಯನ್ನು ಮಾತಾಡಿಸಿದಾಗಲೂ ಆಕೆ ಹೇಳಿದ್ದು ಹೆಚ್ಚಾಗಿ ಏರ್ಪಾಡಿನ ಬಗ್ಗೆ. ಸಂಶೋಧಕರು ಇದನ್ನು ದಾಖಲೆಯ ಕೊರತೆ ಅಂತಾರೆ. ನಾನು ಒಪ್ಪೋದಿಲ್ಲ. ಅದು ಕೊಟ್ಟ ಮಾತು. ನಮ್ಮ ಆ ಧರಣಿಯ ಲೆಕ್ಕದ ಪುಸ್ತಕ ಈಗಲೂ ನನ್ನ ಹತ್ತಿರ ಇದೆ, ಹಿತೈಷಿಗಳು ಅಂತಲೇ ಇದೆ. ಆ ಅಕ್ಕಂದಿರಲ್ಲಿ ಇಬ್ಬರು ಇನ್ನೂ ಅಲ್ಲೇ ಕೆಲಸ ಮಾಡ್ತಿದ್ದಾರೆ, ಆದ್ದರಿಂದ ಊರಿನ ಹೆಸರನ್ನೂ ಇಲ್ಲಿ ಬರೆದಿಲ್ಲ.

ಗಿಲ್ಮೋರ್ ಡೆರಿಕೋಟ್ ಬೀದಿಯಲ್ಲಿ ಅಡುಗೆ ಮಾಡುತ್ತಲೇ ಇದ್ದರು. ಆ ಮನೆ ಮುಂದೆ 1995ರಲ್ಲಿ ಒಂದು ಸ್ಮಾರಕ ಫಲಕ ಬಂತು. ಅದನ್ನು ನೋಡಲು ಆಕೆ ಇರಲಿಲ್ಲ. 1990ರ ಮಾರ್ಚ್, ಸೆಲ್ಮಾದಿಂದ ಮಾಂಟ್ಗೊಮರಿಗೆ ನಡೆದ ಮತದಾನ ಹಕ್ಕಿನ ಮೆರವಣಿಗೆಗೆ 25 ವರ್ಷ ತುಂಬಿತ್ತು. ನೆನಪಿಗಾಗಿ ಮತ್ತೆ ನಡೆದು ಬರುವವರಿಗೆ ಅಂತ, 70 ವರ್ಷದ ಗಿಲ್ಮೋರ್ ಬೆಳಿಗ್ಗೆ ಬೇಗ ಎದ್ದು ಕೋಳಿ, ಚೀಸ್ ಹಾಕಿದ ಮ್ಯಾಕರೋನಿ ಮಾಡುತ್ತಿದ್ದರು. ಅಡುಗೆ ನಡುವೆಯೇ ಹೊಟ್ಟೆನೋವು ಜೋರಾಗಿ ಆಸ್ಪತ್ರೆ ಸೇರಿದವರು ವಾಪಸ್ ಬರಲಿಲ್ಲ. ಮಾಡಿಟ್ಟ ಅಡುಗೆ ಹಾಗೇ ಇತ್ತು. ಸಾವಿಗೆ ಬಂದವರಿಗೆ ಮನೆಯವರು ಅದನ್ನೇ ಬಡಿಸಿದರು.